ದಾದರಿನ ಇಂಗ್ಲಿಷ್ ಕ್ಲಾಸು: ಹನ್ನೆರಡು ಶನಿವಾರ, 6,500 ರೂಪಾಯಿ, ಒಂದು ಪದ

ಮೊದಲೇ ಹೇಳಿಬಿಡುತ್ತೇನೆ, ಕ್ಲಾಸಿನ ಹೆಸರು ಬರೆಯುವುದಿಲ್ಲ. ಮುಂದೆ ಕೆಲವು ಕಡೆ ಬೈದಿದ್ದೇನೆ. ನಾನೂ ಗಲ್ಲಾದಲ್ಲಿ ಕೂರುವವನು. ಸಾಂಬಾರಿನಲ್ಲಿ ಉಪ್ಪು ಜಾಸ್ತಿ ಆಯಿತು ಎಂದು ಯಾರೋ ಹೋಟೆಲ್ ಹೆಸರು ಹಾಕಿ ಬರೆದರೆ ಹೊಟ್ಟೆ ಎಷ್ಟು ಉರಿಯುತ್ತದೆ ಎಂದು ಗೊತ್ತು. ದಾದರ್ ಪೂರ್ವದಲ್ಲಿ ಹಿಂದ್‌ಮಾತಾ ಕಡೆ ನಡೆದರೆ ಒಂದು ಬಟ್ಟೆ ಅಂಗಡಿ, ಅದರ ಮೇಲೆ ಎರಡನೇ ಮಹಡಿ. ಲಿಫ್ಟ್ ಇಲ್ಲ. ಇಷ್ಟು ಸಾಕು. ಇಂಥ ಬೋರ್ಡುಗಳಿಗೆ ಈ ಊರಲ್ಲಿ ಬರಗಾಲ ಇಲ್ಲ, ನಾನು ಹೇಳುವುದು ಬೇರೆ ಕ್ಲಾಸಿಗೂ ಸ್ವಲ್ಪ ಹೊಂದೀತು.

ನಾನು ಕುಂದಾಪುರ ಕಡೆಯವನು. 1989ರಲ್ಲಿ, ಹದಿನೈದನೇ ವಯಸ್ಸಿಗೆ ಮುಂಬೈಗೆ ಬಂದೆ. ಆಗ ಕೊಂಕಣ ರೈಲ್ವೆ ಇರಲಿಲ್ಲ. ಅದು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ನಾವು ಬಂದದ್ದು ಬಸ್ಸಿನಲ್ಲಿ, ಘಟ್ಟದ ತಿರುವಿನಲ್ಲೆಲ್ಲ ವಾಂತಿ ಮಾಡಿಕೊಂಡು. ಹಗಲು ಹೋಟೆಲಿನ ಮೋರಿಯಲ್ಲಿ ಕಪ್ಪು ಬಸಿ ತೊಳೆಯುವುದು, ರಾತ್ರಿ ಕನ್ನಡ ನೈಟ್ ಸ್ಕೂಲು. ಹತ್ತನೇ ಕ್ಲಾಸು ಮುಗಿಸಿದ್ದೇನೆ. ಈಗ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಮನೆ ಡೊಂಬಿವಲಿಯಲ್ಲಿ. ನನ್ನ ಇಂಗ್ಲಿಷು ಹೋಟೆಲ್ ಇಂಗ್ಲಿಷು. ಟೇಬಲ್ ಸಿಗುತ್ತದೆ ಎಂದು ಹೇಳಬಲ್ಲೆ, ರವಾ ಮಸಾಲೆಗೆ ಹತ್ತು ನಿಮಿಷ ಎಂದು ಹೇಳಬಲ್ಲೆ. ಗಿರಾಕಿ ಜಗಳಕ್ಕೆ ಬಂದರೆ ಮಾತ್ರ ಹಿಂದಿಗೆ ಇಳಿಯುತ್ತೇನೆ.

ಹಾಗಾದರೆ ಈ ವಯಸ್ಸಿನಲ್ಲಿ ಕ್ಲಾಸು ಯಾಕೆ? ಮಗಳಿಗಾಗಿ. ಅವಳು ಅಮೆರಿಕದಲ್ಲಿ ಎಂ.ಎಸ್. ಮಾಡಲು ಐದು ಯೂನಿವರ್ಸಿಟಿಗೆ ಅರ್ಜಿ ಹಾಕುತ್ತಿದ್ದಳು. ಬರೀ ಅರ್ಜಿಗೇ ಒಂದೊಂದಕ್ಕೆ 90 ಡಾಲರ್‌ವರೆಗೆ ಫೀಸು. ನಮ್ಮ ದುಡ್ಡಿನಲ್ಲಿ ಏಳೂವರೆ ಸಾವಿರ. ಸೀಟು ಸಿಕ್ಕರೂ ಸಿಗದಿದ್ದರೂ ಅದು ಹೋಯಿತು. ಆದರೆ ಫೀಸು ಕಟ್ಟಲು ಆಗದವರಿಗೆ ಮನ್ನಾ ಮಾಡುವ ಕ್ರಮ ಕೆಲವು ಕಡೆ ಇದೆ. ಅದಕ್ಕೊಂದು ಪತ್ರ ಬರೆಯಬೇಕು. ಫಾರಂನಲ್ಲಿ ಕೇಳಿದ್ದು ಒಂದೇ ಮಾತು: ಈ ಫೀಸು ನಿಮಗೆ ಹೇಗೆ ಹಾರ್ಡ್‌ಶಿಪ್ ಆಗುತ್ತದೆ, ವಿವರಿಸಿ.

"ಪಪ್ಪ, ಇದು ನಿಮ್ಮ ಕತೆ. ನೀವೇ ಬರೆಯಿರಿ, ನಾನು ಟೈಪ್ ಮಾಡ್ತೇನೆ," ಎಂದಳು.

ನಾನು ಬರೆದೆ. ಅದನ್ನು ಓದಿ ಅವಳು ಐದು ನಿಮಿಷ ನಕ್ಕಳು. ಮಾರನೇ ವಾರ ನಾನು ಕ್ಲಾಸಿಗೆ ಸೇರಿದೆ.

ಸಮಯದ ವಿಷಯದಲ್ಲಿ ದೂರಿಲ್ಲ. ಶನಿವಾರ ಮೂರೂವರೆಯಿಂದ ಐದೂವರೆ. ಹೋಟೆಲಿನವರಿಗೆ ಹೇಳಿ ಮಾಡಿಸಿದ ಹಾಗೆ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಗರ್ದಿ ಶುರುವಾಗುವ ನಡುವಿನ ಹೊತ್ತು. ಮಾಟುಂಗಾದಿಂದ ನಡೆದೇ ಹೋಗುತ್ತಿದ್ದೆ. ಫೀಸು 6,500. ಪುಸ್ತಕಕ್ಕೆ 300 ಬೇರೆ ಎಂದು ಎರಡನೇ ವಾರ ಹೇಳಿದರು, ಮೊದಲು ಹೇಳಿರಲಿಲ್ಲ. "ಒಂದು ಬ್ಯಾಚಿಗೆ ಹತ್ತೇ ಜನ" ಎಂದು ಬೋರ್ಡಿನಲ್ಲಿ ಇದೆ. ನಾವಿದ್ದದ್ದು 27 ಜನ. ಎ.ಸಿ. ಇದೆ, ಕಿಟಕಿ ಪಕ್ಕದವರಿಗೆ ಮಾತ್ರ. ಜುಲೈ ತಿಂಗಳಲ್ಲಿ ಹಿಂದ್‌ಮಾತಾದಲ್ಲಿ ಮೊಣಕಾಲಿನವರೆಗೆ ನೀರು ನಿಂತು ಒಂದು ಕ್ಲಾಸು ರದ್ದಾಯಿತು. ಮುಂಬೈಯಲ್ಲಿ ಇರುವವರಿಗೆ ಇದು ಹೊಸತಲ್ಲ, ಮಳೆ ಬಂದರೆ ಟಿವಿಯವರು ಮೊದಲು ಕ್ಯಾಮೆರಾ ತೆಗೆದುಕೊಂಡು ಓಡುವುದೇ ಅಲ್ಲಿಗೆ. ಆದರೆ ರದ್ದಾದ ಕ್ಲಾಸು ಇವತ್ತಿಗೂ ವಾಪಸ್ ಬಂದಿಲ್ಲ.

ಈಗ ಪುಸ್ತಕ. ಅದು ಪುಸ್ತಕ ಅಲ್ಲ, ಝೆರಾಕ್ಸ್ ಹಾಳೆಗಳಿಗೆ ಸುರುಳಿ ಹಾಕಿಸಿದ್ದು. ಮೂರು ಕಾಲಂ: ಇಂಗ್ಲಿಷ್, ಹಿಂದಿ, ಮರಾಠಿ. ಒಂದು ಪದಕ್ಕೆ ಒಂದು ಅರ್ಥ. ಮೊದಲ ನಾಲ್ಕು ವಾರ ಪಾಠ ಮಾಡಿದ ಹುಡುಗ ದಿನಕ್ಕೆ ಐವತ್ತು ಪದ ಬಾಯಿಪಾಠ ಮಾಡಿಸಿದ. ಒಳ್ಳೆಯ ಹುಡುಗ, ಗಂಟಲೂ ಚೆನ್ನಾಗಿದೆ. ಆದರೆ ಅದು ಪಾಠ ಅಲ್ಲ, ಮಗ್ಗಿ. ಡಿಫಿಕಲ್ಟಿ, ಟ್ರಬಲ್, ಹಾರ್ಡ್‌ಶಿಪ್, ಅಡ್ವರ್ಸಿಟಿ, ನಾಲ್ಕೂ ಒಂದೇ ಪುಟದಲ್ಲಿದ್ದವು. ನಾಲ್ಕರ ಎದುರಿಗೂ ಹೆಚ್ಚುಕಡಿಮೆ ಅದೇ ಅರ್ಥ. ಕನ್ನಡದ ಕಾಲಂ ಇರಲಿಲ್ಲ, ನಾನೇ ಪೆನ್ಸಿಲಿನಲ್ಲಿ ಬರೆದುಕೊಂಡೆ. ಕಷ್ಟ, ಕಷ್ಟ, ಕಷ್ಟ, ಕಷ್ಟ. ನಾಲ್ಕು ಸಲ ಬರೆದ ಮೇಲೂ ನನಗೆ ಅನುಮಾನ ಬರಲಿಲ್ಲ, ನೋಡಿ.

ಕೆಲವರು ದೂರು ಕೊಟ್ಟರು. ಐದನೇ ವಾರದಿಂದ ಬೇರೆ ಟೀಚರ್ ಬಂದರು. ಎಪ್ಪತ್ತರ ಹತ್ತಿರದ ಪಾರ್ಸಿ ಹೆಂಗಸು, ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಎಲ್ಲರೂ ಅವರನ್ನು ಮಿಸ್ ಎನ್ನುತ್ತಿದ್ದೆವು. ಸುರುಳಿ ಪುಸ್ತಕವನ್ನು ಮೇಜಿನ ಕೆಳಗೆ ಇಡಿ ಎಂದರು. "ನಿಮಗೆ ಏನು ಬರೆಯಬೇಕಾಗಿದೆಯೋ ಅದನ್ನು ತನ್ನಿ." ನಾನು ನನ್ನ ಪತ್ರ ಒಯ್ದೆ.

ಅದರ ಮೊದಲ ಎರಡು ಸಾಲು ಹೀಗಿತ್ತು: "ಐ ಆಮ್ ಡೂಯಿಂಗ್ ಹಾರ್ಡ್‌ಶಿಪ್ ಸಿನ್ಸ್ 1989. ಐ ವರ್ಕ್ಡ್ ವೆರಿ ಹಾರ್ಡ್ಲಿ."

ಮಿಸ್ ನಗಲಿಲ್ಲ. ಎರಡನೇ ಸಾಲಿನ ಕೆಳಗೆ ಗೆರೆ ಎಳೆದು, "ನಿಮ್ಮ ಮಾಲೀಕರಿಗೆ ಇದನ್ನು ತೋರಿಸಬೇಡಿ," ಎಂದರು. ಹಾರ್ಡ್ ಎಂದರೆ ಕಷ್ಟಪಟ್ಟು, ಹಾರ್ಡ್ಲಿ ಎಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂದರೆ ನಾನು ಮೂವತ್ತೈದು ವರ್ಷದಿಂದ ಕೆಲಸವನ್ನೇ ಮಾಡಿಲ್ಲ ಎಂದು ಸಹಿ ಹಾಕಿ ಕೊಟ್ಟ ಹಾಗೆ. ವೇಟರ್ ಹುಡುಗರಿಗೆ ಈ ಕತೆ ಹೇಳಿ ತಪ್ಪು ಮಾಡಿದೆ. ಈಗ ನಾನು ಗಲ್ಲಾದಲ್ಲಿ ಸ್ವಲ್ಪ ತೂಕಡಿಸಿದರೂ "ಶೆಟ್ರು ಹಾರ್ಡ್ಲಿ ಕೆಲಸ ಮಾಡ್ತಾ ಇದ್ದಾರೆ" ಎನ್ನುತ್ತಾರೆ.

ಮೊದಲ ಸಾಲಿಗೆ ಅವರು ಒಂದು ಗಂಟೆ ತೆಗೆದುಕೊಂಡರು. ನನ್ನ 6,500ರಲ್ಲಿ ನಾಲ್ಕು ಸಾವಿರ ವಸೂಲಾದದ್ದು ಆ ಒಂದು ಗಂಟೆಯಲ್ಲಿ.

"ನಿಮ್ಮ ಭಾಷೆಯಲ್ಲಿ ಏನೆಂದು ಯೋಚಿಸಿ ಇದನ್ನು ಬರೆದಿರಿ?" ಎಂದು ಕೇಳಿದರು. ಕಷ್ಟ ಎಂದೆ. ಪಕ್ಕದಲ್ಲಿದ್ದ ಸಾತಾರಾ ಕಡೆಯ ಹೆಂಗಸು ನಮ್ಮಲ್ಲೂ ಕಷ್ಟವೇ ಎಂದಳು. ಹಿಂದಿಯ ಹುಡುಗನೂ ಕಷ್ಟ್ ಎಂದ. ಹಾಗಾದರೆ ಮೂವರೂ ಒಂದೊಂದು ವಾಕ್ಯ ಹೇಳಿ ಎಂದರು. ಮರಾಠಿಯವಳ ವಾಕ್ಯದಲ್ಲಿ ಕಷ್ಟ ಎಂದರೆ ದುಡಿಮೆ, ಮೈಮುರಿದು ಮಾಡುವ ಕೆಲಸ. ಅವರಲ್ಲಿ ಕೂಲಿಕಾರನಿಗೆ ಕಷ್ಟಕರಿ ಎಂದೇ ಹೆಸರು. ಹಿಂದಿಯವನ ವಾಕ್ಯದಲ್ಲಿ ಅದು ನೋವು, ತೊಂದರೆ. "ನಿಮಗೆ ಕಷ್ಟ ಕೊಟ್ಟೆ, ಕ್ಷಮಿಸಿ" ಎನ್ನುವಾಗಿನ ಕಷ್ಟ. ನನ್ನ ಸರದಿ ಬಂದಾಗ ನನಗೇ ಗೊಂದಲವಾಯಿತು. ನಮ್ಮದರಲ್ಲಿ ಎಲ್ಲವೂ ಇದೆಯಲ್ಲ! ಕಷ್ಟಪಟ್ಟು ಓದು ಎಂದರೆ ಶ್ರಮ. ಈ ಲೆಕ್ಕ ಕಷ್ಟ ಎಂದರೆ ಸುಲಭವಲ್ಲ. ಅವನು ಬರುವುದು ಕಷ್ಟ ಎಂದರೆ ಬರಲಿಕ್ಕಿಲ್ಲ. ಕಷ್ಟ ಕೊಡಬೇಡ ಎಂದರೆ ಪೀಡಿಸಬೇಡ. ಅವರು ಬಹಳ ಕಷ್ಟದಲ್ಲಿದ್ದಾರೆ ಎಂದರೆ ಮನೆಯಲ್ಲಿ ಅಕ್ಕಿ ಇಲ್ಲ. ಕಷ್ಟಸುಖ ಮಾತಾಡಿದೆವು ಎಂದರೆ ಅದರಲ್ಲಿ ಕಷ್ಟ ಇರಲೇಬೇಕು ಎಂದೇನೂ ಇಲ್ಲ, ಮಗಳ ಮದುವೆ ಮಾತೂ ಇರಬಹುದು.

ಮಿಸ್ ಬೋರ್ಡಿನ ಮೇಲೆ ನನ್ನ ಒಂದೊಂದು ವಾಕ್ಯದ ಎದುರಿಗೂ ಬೇರೆ ಬೇರೆ ಇಂಗ್ಲಿಷ್ ಪದ ಬರೆದರು. ಓದಿಗೆ ಹಾರ್ಡ್. ಲೆಕ್ಕಕ್ಕೆ ಡಿಫಿಕಲ್ಟ್. ಬರುವುದಕ್ಕೆ ಅನ್‌ಲೈಕ್ಲಿ. ಪೀಡಿಸುವುದಕ್ಕೆ ಟ್ರಬಲ್. ಹಾರ್ಡ್‌ಶಿಪ್ ಬಂದದ್ದು ಒಂದೇ ಕಡೆ, ಅಕ್ಕಿ ಇಲ್ಲದ ಮನೆಯ ಎದುರಿಗೆ.

ಆಗ ನನಗೆ ಲೈಟ್ ಹತ್ತಿತು. ಡಬ್ಬಿ ನಮ್ಮದು ದೊಡ್ಡದು. ಅವರ ಹತ್ತಿರ ಅದೇ ಸಾಮಾನಿಗೆ ಐದು ಚಿಕ್ಕ ಡಬ್ಬಿ, ಒಂದೊಂದಕ್ಕೂ ಬೇರೆ ಮುಚ್ಚಳ. ನಾನು ಇಷ್ಟು ದಿನ ಸಾಸಿವೆ ಡಬ್ಬಿಯ ಮುಚ್ಚಳವನ್ನು ಅಕ್ಕಿ ಡಬ್ಬಿಗೆ ಒತ್ತುತ್ತಿದ್ದೆ.

ಹಾರ್ಡ್‌ಶಿಪ್ ಎಂದರೆ ಒಂದು ದಿನದ ತೊಂದರೆ ಅಲ್ಲ, ಸ್ವಲ್ಪ ಕಾಲ ಜೊತೆಗೆ ಬದುಕಬೇಕಾದ ಸ್ಥಿತಿ ಎಂದು ಮಿಸ್ ಹೇಳಿದರು. ಸಾಮಾನ್ಯವಾಗಿ ದುಡ್ಡು, ಊಟ, ಸೂರು, ಬಟ್ಟೆ ಇಂಥ ಏನೋ ಒಂದು ಕಡಿಮೆ ಇರುತ್ತದೆ. ಅದನ್ನು ಯಾರೂ 'ಮಾಡುವುದಿಲ್ಲ'. ಅನುಭವಿಸುತ್ತಾರೆ, ಎದುರಿಸುತ್ತಾರೆ, ಸಹಿಸುತ್ತಾರೆ. ಸಫರ್, ಫೇಸ್, ಎಂಡ್ಯೂರ್, ಈ ಕ್ರಿಯಾಪದಗಳ ಜೊತೆ ಅದು ನಡೆಯುತ್ತದೆ. ಪಕ್ಕದ ಮನೆಯವನು ನನಗೆ ಹಾರ್ಡ್‌ಶಿಪ್ ಕೊಟ್ಟ ಎನ್ನಲು ಬರುವುದಿಲ್ಲ. ಅವನು ಕೊಡುವುದು ಟ್ರಬಲ್ ಮಾತ್ರ. ಅಡ್ವರ್ಸಿಟಿ ಪುಸ್ತಕದ ಪದ, ಭಾಷಣಕ್ಕೆ ಇಟ್ಟುಕೊಳ್ಳಿ ಎಂದು ಮುಂದೆ ಹೋದರು.

ನನಗೊಂದು ಹಳೆಯ ಅನುಮಾನ ಇತ್ತು, ಕೇಳಿಯೇಬಿಟ್ಟೆ. ಇದರಲ್ಲಿ ಹಡಗು ಯಾಕೆ ಬಂತು? ನಮ್ಮ ಅಜ್ಜ ಮಂಗಳೂರಿನಿಂದ ಮುಂಬೈಗೆ ಹಡಗಿನಲ್ಲಿ ಬಂದವರು. ಆ ಪ್ರಯಾಣದ ಗೋಳನ್ನು ಸಾಯುವವರೆಗೂ ಹೇಳುತ್ತಿದ್ದರು. ಹಾರ್ಡ್‌ಶಿಪ್ ಎಂದರೆ ಅಂಥ ಹಡಗೇ ಇರಬೇಕು ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಈ ಸಲ ಮಿಸ್ ನಕ್ಕರು. ಹಡಗಿನ ಶಿಪ್ ಬೇರೆ, ಇದು ಬೇರೆ. ಇದು ಪದದ ಬಾಲಕ್ಕೆ ಅಂಟಿಕೊಳ್ಳುವ ತುಂಡು, ಫ್ರೆಂಡ್‌ಶಿಪ್, ಮೆಂಬರ್‌ಶಿಪ್‌ನಲ್ಲಿ ಇರುವಂಥದ್ದು. ಆಕಾರ ಎನ್ನುವ ಶೇಪ್ ಪದಕ್ಕೆ ಅದು ದಾಯಾದಿಯಂತೆ. ಹಾರ್ಡ್‌ಶಿಪ್ ಸುಮಾರು 1200ನೇ ಇಸವಿಯ ಹೊತ್ತಿಗೇ ಬಳಕೆಯಲ್ಲಿದ್ದ ಹಳೆಯ ಪದ ಎಂದೂ ಹೇಳಿದರು.

ರಾತ್ರಿ ಡೊಂಬಿವಲಿ ಲೋಕಲಿನಲ್ಲಿ ನಿಂತುಕೊಂಡು ಇದನ್ನೇ ಯೋಚಿಸಿದೆ. ಆ ಬಾಲ ನಮ್ಮ 'ತನ' ಇದ್ದ ಹಾಗೆ. ಬಡತನ, ಗೆಳೆತನ, ಹಿರಿತನ. ಹಾಗಾದರೆ ಹಾರ್ಡ್ ಎಂಬುದಕ್ಕೆ ಗಟ್ಟಿ ಎಂದಿಟ್ಟು ತನ ಸೇರಿಸಿದರೆ ಏನು ಬಂತು? ಗಟ್ಟಿತನ! ನಮ್ಮಲ್ಲಿ ಅದು ಹೊಗಳಿಕೆ. ಅವರಲ್ಲಿ ಅದೇ ಎರಡು ತುಂಡು ಸೇರಿ ಹೊಟ್ಟೆಗಿಲ್ಲದ ಸ್ಥಿತಿ ಆಗಿದೆ. ಶಿಪ್ ತೆಗೆದು ನೆಸ್ ಹಾಕಿದರೆ ಹಾರ್ಡ್‌ನೆಸ್, ಅದು ಬೋರ್‌ವೆಲ್ ನೀರಿನ ಗಡಸುತನ. ನಮ್ಮ ಹೋಟೆಲಿಗೆ ವಾಟರ್ ಫಿಲ್ಟರ್ ಮಾರಲು ಬರುವವನ ಬಾಯಲ್ಲಿ ದಿನಾ ಇರುವ ಪದ. ಕುರ್ಲಾ ಬರುವಷ್ಟರಲ್ಲಿ ತಲೆ ತಿರುಗಿತು, ಬಿಟ್ಟೆ.

ಆ ಹೊತ್ತಿಗೆ ಸರಿಯಾಗಿ ಸ್ಟೇಷನ್ನಿನಲ್ಲಿ ಘೋಷಣೆ. ಗಾಡಿ ತಡ ಆದಾಗ ಮರಾಠಿಯಲ್ಲಿ ಗೈರ್‌ಸೋಯಿ, ಹಿಂದಿಯಲ್ಲಿ ಅಸುವಿಧಾ, ಇಂಗ್ಲಿಷಿನಲ್ಲಿ ಇನ್‌ಕನ್ವೀನಿಯೆನ್ಸ್ ಎಂದು ಮೂರು ಭಾಷೆಯಲ್ಲಿ ವಿಷಾದ ಹೇಳುತ್ತಾರಲ್ಲ, ಅದು. ಎಷ್ಟು ವರ್ಷದಿಂದ ಕೇಳುತ್ತಿದ್ದೇನೆ, ಅವತ್ತು ಮೊದಲ ಸಲ ಕಿವಿಗೆ ಬಿತ್ತು. ರೈಲ್ವೆಯವರು ಡಬ್ಬಿ ಸರಿಯಾಗಿಯೇ ಆರಿಸಿದ್ದಾರೆ. ಗಾಡಿ ತಡವಾದರೆ ಅನನುಕೂಲ, ಅಷ್ಟೇ. ಬಾಗಿಲಲ್ಲಿ ಜೋತಾಡುವವರನ್ನು ಕೇಳಿದರೆ ಬೇರೆ ಪದ ಹೇಳುತ್ತಾರೆ, ಅದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ನಮ್ಮ ಬ್ಯಾಚಿನಲ್ಲಿ ಬೆಳಗಾವಿ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು ಇದ್ದರು. ಈಗ ಪರೇಲಿನ ಒಂದು ಟವರಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಎಲ್ಲರಿಗೂ ಅವರು ಮಾಮಾ. ಮುಂದಿನ ವಾರ ಅವರು ಎದ್ದು ನಿಂತು, ಈ ಪದ ನನಗೆ ನಿಮಗಿಂತ ಮೊದಲಿಂದ ಗೊತ್ತು ಎಂದರು. ಫೌಜಿನಲ್ಲಿ ರಿಸ್ಕ್ ಅಂಡ್ ಹಾರ್ಡ್‌ಶಿಪ್ ಎಂದೇ ಭತ್ಯೆ ಇದೆ. ಏಳನೇ ವೇತನ ಆಯೋಗ ಅದಕ್ಕೊಂದು ಕೋಷ್ಟಕವನ್ನೇ ಮಾಡಿತು. ಅಪಾಯ ಮೂರು ಮಟ್ಟ, ಹಾರ್ಡ್‌ಶಿಪ್ ಮೂರು ಮಟ್ಟ, ಒಟ್ಟು 9 ಮನೆ. ಅದರ ತಲೆಯ ಮೇಲೆ ಇನ್ನೊಂದು ಮನೆ, ಸಿಯಾಚಿನ್‌ಗೆ. 2017ರಲ್ಲಿ ಸಿಯಾಚಿನ್ ಭತ್ಯೆ ಜವಾನರಿಗೆ ತಿಂಗಳಿಗೆ 14,000ದಿಂದ 30,000ಕ್ಕೆ, ಆಫೀಸರುಗಳಿಗೆ 21,000ದಿಂದ 42,500ಕ್ಕೆ ಏರಿತು. "ನಾನು ಹೋದಾಗ ಇಷ್ಟೆಲ್ಲ ಇರಲಿಲ್ಲ ಬಿಡ್ರಿ," ಎಂದು ಸೇರಿಸಿದರು.

ಮಿಸ್‌ಗೆ ಬಹಳ ಖುಷಿಯಾಯಿತು. ಎರಡು ಪದ ಯಾಕೆ ಬೇಕಾಯಿತು, ಒಂದೇ ಸಾಕಿತ್ತಲ್ಲ ಎಂದು ಮಾಮಾನನ್ನೇ ಕೇಳಿದರು. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಗುಂಡು ಬೀಳಬಹುದು, ಬೀಳದೇ ಇರಬಹುದು. ಅದು ರಿಸ್ಕ್ ರೀ. ಚಳಿ ಮಾತ್ರ ದಿನಾ ಇರ್ತದ." ಯಾವ ಡಿಕ್ಷನರಿಯೂ ಇಷ್ಟು ಚೆನ್ನಾಗಿ ಹೇಳಲಾರದು. ಮಿಸ್ ಅದನ್ನು ಇಂಗ್ಲಿಷ್ ಮಾಡಿ ಬೋರ್ಡಿನ ಮೇಲೆ ಬರೆದು, ಎಲ್ಲರಿಂದಲೂ ನಕಲು ಮಾಡಿಸಿದರು.

ಈಗ ನನ್ನ ಪತ್ರದ ವಿಷಯ. ಮಿಸ್ ನೇರವಾಗಿ ಕೇಳಿದರು, "ನೀವು ಈಗ ಹಾರ್ಡ್‌ಶಿಪ್‌ನಲ್ಲಿ ಇದ್ದೀರಾ?" ಇಪ್ಪತ್ತೇಳು ಜನರ ಎದುರು. ನನಗೆ ಉತ್ತರ ತೋಚಲಿಲ್ಲ. 1989ರಲ್ಲಿ ಇದ್ದೆ, ಅದರಲ್ಲಿ ಅನುಮಾನವಿಲ್ಲ. ರಾತ್ರಿ ಹೋಟೆಲ್ ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿ ಅದರ ಮೇಲೆ ಮಲಗುತ್ತಿದ್ದೆವು. ಬೆಳಿಗ್ಗೆ ನಾಲ್ಕೂವರೆಗೆ ಭಟ್ಟರು ಬಂದು ಇಡ್ಲಿಗೆ ಒಲೆ ಹಚ್ಚುವಾಗ ಏಳಲೇಬೇಕು. ಕಪ್ಪು ತೊಳೆದು ತೊಳೆದು ಬೆರಳ ಸಂದಿಯಲ್ಲಿ ಹುಣ್ಣು. ಸ್ಕೂಲಿನಲ್ಲಿ ಪೆನ್ನು ಹಿಡಿದರೆ ಉರಿ. ಆದರೆ ಈಗ? ತಿಂಗಳಿಗೆ 45,000 ಸಂಬಳ. ಫ್ಲ್ಯಾಟಿನ ಕಂತು 19,000. ಉಳಿದದ್ದರಲ್ಲಿ ಮನೆ, ಮಗಳ ಕಾಲೇಜು, ಊರಲ್ಲಿ ಅಮ್ಮನ ಔಷಧ. ಬಿಗಿ ಇದೆ. ಅಕ್ಕಿ ಇದೆ.

ಅದನ್ನೇ ಬರೆಯಿರಿ ಎಂದರು. ನಿಮ್ಮ ಹಳೆಯ ಗೋಳು ಅವರಿಗೆ ಬೇಡ, ಅವರು ಕೇಳಿದ್ದು ಫೀಸಿನ ಬಗ್ಗೆ. ಐದು ಅರ್ಜಿಯ ಫೀಸು ಸೇರಿ ನಿಮ್ಮ ಒಂದು ತಿಂಗಳ ಸಂಬಳದ ಹತ್ತಿರ ಬರುತ್ತದೆ, ಇದು ಒಂದು ಸಾಲು. ಕಟ್ಟಿದರೆ ಆ ತಿಂಗಳು ಯಾವುದನ್ನು ನಿಲ್ಲಿಸಬೇಕಾಗುತ್ತದೆ, ಇದು ಇನ್ನೊಂದು ಸಾಲು. ಆಮೇಲೆ ಒಂದೇ ಒಂದು ಸಲ ಆ ಪದ: "ಇಟ್ ವುಡ್ ಬಿ ಎ ಹಾರ್ಡ್‌ಶಿಪ್ ಫಾರ್ ಅವರ್ ಫ್ಯಾಮಿಲಿ." ವುಡ್ ಬಿ ಎಂದರೆ ಕಟ್ಟಬೇಕಾಗಿ ಬಂದರೆ ಆಗುತ್ತದೆ ಎಂದು. ಸುಳ್ಳೂ ಇಲ್ಲ, ಬೇಡಿಕೊಂಡದ್ದೂ ಇಲ್ಲ. ನಾನು ಮೂರು ಪುಟ ಬರೆದದ್ದು ಏಳು ಸಾಲಿಗೆ ಇಳಿಯಿತು.

ಮನೆಯಲ್ಲಿ ಮಗಳು ಓದಿ, "ಪಪ್ಪ, ಟೇಬಲ್ ಮೇಲೆ ಮಲಗಿದ ಕತೆ ತೆಗೆದುಬಿಟ್ರಾ?" ಎಂದಳು. ಆ ಕತೆ ಅವಳಿಗೇ ಗೊತ್ತಿರಲಿಲ್ಲ, ನನ್ನ ಮೊದಲ ಪ್ರತಿಯಲ್ಲೇ ಓದಿದ್ದಂತೆ. ಅವತ್ತು ನಕ್ಕಿದ್ದು ಇಂಗ್ಲಿಷಿಗೆ, ಕತೆಗಲ್ಲ ಎಂದು ಹೇಳಿದಳು. ನಾನು ಏನೂ ಮಾತಾಡಲಿಲ್ಲ, ಲೈಟ್ ಆರಿಸಿ ಮಲಗಿದೆ.

ಐದರಲ್ಲಿ ಎರಡು ಕಡೆ ಫೀಸು ಮನ್ನಾ ಆಯಿತು. ಒಂದು ಕಡೆ ಆಗುವುದಿಲ್ಲ ಎಂದು ಮರ್ಯಾದೆಯಿಂದ ಬರೆದರು. ಇನ್ನೆರಡು ಕಡೆಯಿಂದ ಉತ್ತರವೇ ಇಲ್ಲ, ಕಡೇ ದಿನ ಬಂತು, ಕಟ್ಟಿದೆವು. ಲೆಕ್ಕ ಹಾಕಿದರೆ ಹದಿನೈದು ಸಾವಿರ ಉಳಿಯಿತು, ಕ್ಲಾಸಿಗೆ 6,800 ಹೋಯಿತು. ಹೋಟೆಲ್ ಲೆಕ್ಕದಲ್ಲಿ ಲಾಭ.

ಸೇರಬೇಕೆಂದಿದ್ದವರಿಗೆ: ಮೊದಲು ಟೀಚರ್ ಯಾರು ಎಂದು ಕೇಳಿ. ಮಗ್ಗಿ ಹುಡುಗನ ಬ್ಯಾಚಾದರೆ ಬೇಡ, ಆ ದುಡ್ಡಿಗೆ ಒಂದು ಒಳ್ಳೆಯ ಡಿಕ್ಷನರಿ ಕೊಂಡು ಅದರಲ್ಲಿ ಅರ್ಥ ಬಿಟ್ಟು ಉದಾಹರಣೆಯ ವಾಕ್ಯ ಓದಿ. ಮಿಸ್ ಆದರೆ ಕಣ್ಣು ಮುಚ್ಚಿ ಸೇರಿ. ನಿಮ್ಮದೇ ಏನಾದರೂ ಬರೆದುಕೊಂಡು ಹೋಗಿ, ಖಾಲಿ ಕೈಯಲ್ಲಿ ಹೋದರೆ ಅವರೂ ಏನು ಮಾಡಿಯಾರು? ಮಳೆಗಾಲದಲ್ಲಿ ರಬ್ಬರ್ ಚಪ್ಪಲಿ. ಕೆಳಗೆ ಚಹಾದವನು ಇದ್ದಾನೆ, ಶುಂಠಿ ಜಾಸ್ತಿ ಹಾಕುತ್ತಾನೆ, ಪರವಾಗಿಲ್ಲ. ಸ್ಟಾರ್ ಕೊಡುವುದಾದರೆ ಕ್ಲಾಸಿಗೆ ಐದರಲ್ಲಿ ಎರಡೂವರೆ, ಮಿಸ್‌ಗೆ ಐದು.

ಕೊನೆಯ ಶನಿವಾರ ಸರ್ಟಿಫಿಕೇಟು ಕೊಟ್ಟರು. ನನ್ನ ಹೆಸರಿನಲ್ಲಿ ಒಂದಲ್ಲ, ಎರಡು ಅಕ್ಷರ ತಪ್ಪು. ಸರಿ ಮಾಡಿಸಲು 200 ರೂಪಾಯಿ ಎಂದು ಆಫೀಸಿನ ಹುಡುಗ ಹೇಳಿದ. ತಪ್ಪು ನಿಮ್ಮದು, ದುಡ್ಡು ನನ್ನದಾ ಎಂದು ನಾನು ಏರು ದನಿಯಲ್ಲಿ ಕೇಳುತ್ತಿದ್ದೆ. ಅಷ್ಟರಲ್ಲಿ ಮಿಸ್ ಬ್ಯಾಗ್ ಹಿಡಿದು ಮೆಟ್ಟಿಲು ಇಳಿಯುತ್ತಾ ನಿಂತರು.

"ಇದಕ್ಕೆ ಏನನ್ನುತ್ತೀರಿ? ಹಾರ್ಡ್‌ಶಿಪ್ಪಾ, ಟ್ರಬಲ್ಲಾ?"

"ನ್ಯೂಸೆನ್ಸ್, ಮಿಸ್."

"ಗುಡ್," ಎಂದು ಇಳಿದು ಹೋದರು. 200 ನಾನು ಕೊಡಲಿಲ್ಲ. ಸರ್ಟಿಫಿಕೇಟು ತಪ್ಪು ಹೆಸರಿನಲ್ಲೇ ಮನೆಯಲ್ಲಿದೆ.